ನಲವತ್ತು ದಾಟಿದ ಬಸ್ಕಿ

ಹೊಳಲ್ಕೆರೆಗೆ ವರ್ಗವಾಗಿ ಬಂದು ಜಿಮ್ ಸೇರಿದ ಮೇಲೆ, ತಿಂಗಳುಗಟ್ಟಲೆ ನನ್ನ ಬಸ್ಕಿ ನಲವತ್ತಕ್ಕೇ ನಿಂತಿತ್ತು. ಎಣಿಕೆ ಅಲ್ಲಿಗೆ ಬಂದ ಕೂಡಲೇ ತೊಡೆ ನಡುಗುತ್ತಿತ್ತು. ಇನ್ನು ಜಿಮ್ಮೇ ಬಿಟ್ಟುಬಿಡೋಣ ಅಂದುಕೊಂಡಿದ್ದ ದಿನ, ನಾನು ಬಸ್ಕಿ ಹೊಡೆಯುತ್ತಿರುವಾಗಲೇ ಪಕ್ಕದಲ್ಲಿದ್ದ ಅಪರಿಚಿತ ಹಿರಿಯರೊಬ್ಬರು ಮಾತಿಗಿಳಿದರು.

“ಯಾವೂರ್ರಿ ನಿಮ್ದು?”

“ಮತ್ತೋಡು.”

“ಮತ್ತೋಡಲ್ಲಿ ಯಾರ ಪೈಕಿ?”

ಅಪ್ಪನ ಹೆಸರು, ಅಮ್ಮನ ತವರು, ತಂಗಿಯನ್ನು ಕೊಟ್ಟ ಊರು, ಎಲ್ಲವನ್ನೂ ಕೂತು ಏಳುತ್ತಲೇ ಹೇಳಿದೆ. ಕೊನೆಗೆ ಸಿಟ್ಟು ಬಂದು ನಿಂತೆ.

“ನಿಮ್ ಮಾತಲ್ಲಿ ನನ್ ಲೆಕ್ಕಾನೇ ತಪ್ಪೋಯ್ತಲ್ರಿ!”

“ನಾನ್ ಎಣಿಸ್ತಿದ್ದೆ ಬಿಡ್ರಿ. ಐವತ್ತೆರಡು ಆಗೈತೆ.”

ತೊಡೆಗೆ ಲೆಕ್ಕ ಬರುತ್ತಿರಲಿಲ್ಲ. ನಲವತ್ತಕ್ಕೆ ಹೆದರುತ್ತಿದ್ದವನು ನಾನೇ.

ಈಗ ಐವತ್ತೆರಡಕ್ಕೆ ನಿಂತಿದ್ದೇನೆ. ಆ ಹಿರಿಯರು ದಿನಾ ಸಿಗುತ್ತಾರೆ, ಆದರೆ ನನ್ನ ಬಗ್ಗೆ ಕೇಳುವುದಕ್ಕೆ ಅವರಿಗೆ ಇನ್ನೇನೂ ಉಳಿದಿಲ್ಲ.