ತೊಟ್ಟಿಲ ಬಳಿ ಕೇಳಿದ ಮಾತು

ದೆವ್ವ, ಅಶರೀರವಾಣಿ ಎಂದವರನ್ನು ನಕ್ಕು ಸುಮ್ಮನಾಗಿಸುತ್ತಿದ್ದವನು ನಾನು. ಇದನ್ನು ಓದಿ ನೀವೂ ನಕ್ಕರೆ ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ಆರಂಭ. ಹೊನ್ನವಳ್ಳಿಯ ತೆಂಗಿನ ತೋಟದಲ್ಲಿ ನಮ್ಮ ಮನೆ. ನಮ್ಮ ಮೊದಲ ಮಗಳಿಗೆ ಹುಟ್ಟುವಾಗಲೇ ಮೂಗಿನ ಬುಡದಲ್ಲಿ ಹುಣಸೆಬೀಜದಷ್ಟು ದೊಡ್ಡ ಕೆಂಪು ಗಂಟೊಂದಿತ್ತು. ಒತ್ತಿದರೆ ಗಟ್ಟಿ. ತಿಪಟೂರಿನ ಡಾಕ್ಟರು ಬೆಂಗಳೂರಿಗೆ ಕರೆದೊಯ್ಯಿರಿ ಎಂದರು. ಅವ್ವನಿಗೆ ಮಾತ್ರ ಸೊಸೆಯ ಮೇಲೇ ಅನುಮಾನ. "ಗ್ರಹಣದಾಗೆ ಆಚೆ ಬಂದವ್ಳೆ ಕಣ್ಲಾ, ಬಾಯಿ ಬುಡ್ತಿಲ್ಲ ಅಷ್ಟೆ," ಎನ್ನುತ್ತಿದ್ದಳು. ನನ್ನ ಹೆಂಡತಿ ಗಿರಿಜೆ ಉತ್ತರ ಕೊಡುತ್ತಿರಲಿಲ್ಲ. ಅವಳ ಮೌನ ನೋಡಿ ನನಗೂ ಒಳಗೊಳಗೇ ಅನುಮಾನ ಹತ್ತಿತು.

ಕೊನೆಗೆ ಅವ್ವ ಹುಳಿಯಾರು ಕಡೆಯ ನಾಟಿ ವೈದ್ಯನೊಬ್ಬನನ್ನು ಕರೆಸಿದಳು. ಚುಚ್ಚಿದರೆ ಗಂಟು ಇಳಿಯುತ್ತದೆ ಎಂದ ಆತ, ಮಧ್ಯಾಹ್ನ ಊಟ ಮುಗಿಸಿ ಹಿತ್ತಲಲ್ಲಿ ಸೂಜಿ ಕಾಯಿಸಲು ಕುಳಿತ. ಅವ್ವ ಅವನ ಬಳಿಯಿದ್ದಳು. ನಾನು ಜಗಲಿಯ ಮೇಲೆ ಒರಗಿದ್ದೆ. ಗಿರಿಜೆ ನಡುಮನೆಯಲ್ಲಿ ತೊಟ್ಟಿಲ ಪಕ್ಕ ಮಲಗಿದ್ದಳು.

ಆಗ ಒಳಗಿನಿಂದ ಅವಳ ದನಿ ಸ್ಪಷ್ಟವಾಗಿ ಕೇಳಿತು: "ಚುಚ್ಚಬ್ಯಾಡಿ. ಬೇರು ತಲೆ ಒಳಗೈತೆ."

ಎದ್ದು ಒಳಗೆ ಹೋಗಿ ನೋಡಿದರೆ ಗಿರಿಜೆ ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿದ್ದಳು. ನಾಟಕ ಆಡುತ್ತಿದ್ದಾಳೆ ಎಂದೇ ಅನ್ನಿಸಿತು. ಆದರೂ ಆ ಮಾತು ಕೇಳಿದ ಮೇಲೆ ಮಗುವನ್ನು ಸೂಜಿಗೆ ಒಡ್ಡಲು ಮನಸ್ಸು ಬರಲಿಲ್ಲ. ಅವ್ವ ಬೈಯುತ್ತಿದ್ದರೂ ವೈದ್ಯನನ್ನು ವಾಪಸು ಕಳಿಸಿ, ಮರುದಿನವೇ ಬೆಂಗಳೂರಿನ ರೈಲು ಹತ್ತಿದೆವು.

ಆಪರೇಷನ್ ಆಗಿ, ತೆಗೆದ ಗಂಟಿನ ಪರೀಕ್ಷೆಯೂ ಮುಗಿದ ಮೇಲೆ ಅಲ್ಲಿನ ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದರು: "ಕ್ಯಾನ್ಸರ್ ಅಲ್ಲ, ಭಯ ಬೇಡ. ಗರ್ಭದಲ್ಲಿರುವಾಗ ಮೆದುಳಿನ ಚೂರೊಂದು ಹೊರಗೆ ಉಳಿದುಬಿಟ್ಟಿದೆ. ಬಹಳ ಅಪರೂಪ. ಅದರ ಎಳೆ ಬುರುಡೆಯ ಒಳಕ್ಕೆ ಹೋಗಿತ್ತು. ಚುಚ್ಚಿಸಿದ್ದರೆ ಮೆದುಳಿಗೆ ನಂಜೇರುತ್ತಿತ್ತು." ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಅಂದರು. ಗಿರಿಜೆ ಅಲ್ಲೇ ಅತ್ತುಬಿಟ್ಟಳು.

ಊರಿಗೆ ಬಂದ ಮೇಲೆ ಒಂದು ಸಂಜೆ ಕೇಳಿಯೇಬಿಟ್ಟೆ. "ನಿಜ ಹೇಳೇ, ಅವತ್ತು ನಿಂಗೆ ಅದನ್ನ ಹೇಳ್ಕೊಟ್ಟಿದ್ದು ಯಾರು?"

ಅವಳು ನನ್ನನ್ನೇ ದಿಟ್ಟಿಸಿದಳು.

"ಏನ್ರೀ ಇದು? ಚುಚ್ಚಬ್ಯಾಡಿ ಅಂದಿದ್ದು ನೀವಲ್ವಾ? ನಾನು ಅಳ್ತಾ ಮಲಗಿದ್ದೆ. ಜಗಲಿಯಿಂದ ನಿಮ್ ದನಿ ಕೇಳ್ದಾಗ ಹೋದ ಜೀವ ಬಂದಂಗಾಯ್ತು ಕಣ್ರೀ."

ನಾನು ಬಾಯಿ ತೆರೆದಿರಲಿಲ್ಲ ಎಂದರೆ ಅವಳು ಇವತ್ತಿಗೂ ನಂಬುವುದಿಲ್ಲ. ಮಗಳಿಗೆ ಈಗ ಮದುವೆಯಾಗಿ ಮಕ್ಕಳಿದ್ದಾರೆ. ಆ ಮಧ್ಯಾಹ್ನದ ಮಾತು ಬಂದಾಗಲೆಲ್ಲ ನಾವಿಬ್ಬರೂ ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡಿಕೊಳ್ಳುತ್ತೇವೆ.