ನಾನು ಅಳಿಸಿದ ಬಾವಿ

೨೦೨೨ರ ಜೂನ್ ೧೧, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಆ ಹೊತ್ತಿಗೆ ನಾನು ಒಂದು ಬಾವಿಯನ್ನು ಅಳಿಸಿದೆ. ಕೈತಪ್ಪಿ ಅಲ್ಲ — ಗೊತ್ತಿದ್ದೇ. ಆ ಬಾವಿಯ ಪಕ್ಕದಲ್ಲಿ ಜುಬೇದಾ ಆಂಟಿಯ ಮುತ್ತಜ್ಜನ ಗೋರಿ ಇತ್ತು.

ನನ್ನ ದಿನಚರಿಯಲ್ಲಿ ಆ ದಿನದ ಬರಹ ಇಷ್ಟೇ: "ನಕ್ಷೆ ಹೊಂದಿತು. ನಾಲ್ಕು ಗುರುತು, ವ್ಯತ್ಯಾಸ ಬಹಳ ಕಡಿಮೆ." ಗುರುತುಗಳು ಐದಿದ್ದವು. ಮಳೆ ಬಂದ ಹೊತ್ತು, ಬಸ್ಸು ತಪ್ಪಿದ ಹೊತ್ತು ಎಲ್ಲವನ್ನೂ ಬರೆದಿಡುವ ನಾನು, ನನ್ನ ಪುಸ್ತಕಕ್ಕೂ ಸುಳ್ಳು ಹೇಳಿದ್ದೆ.

ಜುಬೇದಾ ಆಂಟಿ ವಿಜಯಪುರದವರು. ಈಗ ನಾನಿರುವ ಈ ಪರದೇಶದಲ್ಲಿ, ಪುಕೆಕೊಹೆ ಎಂಬ ಊರಿನಲ್ಲಿ ಮಗನ ಜೊತೆ ಇದ್ದಾರೆ. ಮಗ ಇಮ್ರಾನ್ ಪೆನ್‌ರೋಸ್‌ನ ಒಂದು ಲೋಹದ ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಯಂತ್ರ ನಡೆಸುತ್ತಾನೆ. ಎರಡು ಬೀದಿ ಆಚೆ ನನ್ನ ಕಚೇರಿ — ಸರಕು ಲಾರಿಗಳಿಗೆ ದಾರಿಯ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಅವನ ಯೂಟ್‌ನಲ್ಲಿ, ಆ ಹಿಂಬದಿ ತೆರೆದ ಸಾಮಾನು ಗಾಡಿಯಲ್ಲಿ, ಒಮ್ಮೆ ಲಿಫ್ಟ್ ಸಿಕ್ಕಿತು. ಅಲ್ಲಿಂದ ಆಂಟಿಯ ಮನೆಯ ಭಾನುವಾರದ ಊಟ ರೂಢಿಯಾಯಿತು. ಮೈಸೂರಿನವಳಾದ ನನಗೆ ಜೋಳದ ರೊಟ್ಟಿ ಮುರಿಯುವುದನ್ನು ಅವರೇ ಕಲಿಸಿದರು.

ಆ ಊಟಗಳಲ್ಲಿ ಕೇಳಿದ ಕತೆ ಇದು. ಆಂಟಿಯ ಮುತ್ತಜ್ಜ ಮೆಹಬೂಬ್‌ಸಾಬ ಕುದುರೆ, ಒಂಟೆಗಳ ಜೀನು ಹೊಲಿಯುವವನು. ತೊಟ್ಟಿಲಲ್ಲಿ ಮಗು ಬಿಟ್ಟು, ಮುಂಬೈಯಲ್ಲಿ ಒಂಟೆಗಳ ಹಡಗು ಹತ್ತಿ, ಆಸ್ಟ್ರೇಲಿಯಾದ ಮರಳುಗಾಡಿಗೆ ಹೋದ. ಮರಳಿ ಬರಲಿಲ್ಲ. ಅಲ್ಲಿ ಬೇರೆ ಹೆಂಡತಿ ಮಾಡಿಕೊಂಡ, ಓಡಿಹೋದ ಎಂದು ಊರು ಮಾತಾಡಿತು. "ಓಡಿ ಹೋದಾವನ ಮನಿ" ಎಂಬ ಹೆಸರು ಅಂಟಿಕೊಂಡಿತು — ಆಂಟಿಗೆ ಗಂಡು ನೋಡುವಾಗಲೂ ಯಾರೋ ಅದನ್ನು ಎತ್ತಿದರಂತೆ. ಬೇರೆ ಮಾತು ಹೇಳಿದವನು ಒಬ್ಬನೇ, ಮರಳುಗಾಡಿನಿಂದ ವಾಪಸು ಬಂದ ಅವನ ಜೊತೆಗಾರ: "ಅವನೇ ತೋಡಿದ ಬಾವಿಯ ಬದಿಗೆ ಅವನನ್ನು ಮಣ್ಣು ಮಾಡಿ ಬಂದಿದ್ದೇನೆ." ಅದನ್ನು ಯಾರೂ ನಂಬಲಿಲ್ಲ. ಗೋರಿ ಸಿಕ್ಕರೆ ಅವನು ಓಡಿಹೋದವನಲ್ಲ. ಆಂಟಿಗೆ ಬೇಕಾಗಿದ್ದದ್ದು ಅಷ್ಟೇ.

"ಕಂಪ್ಯೂಟರ್‌ನ್ಯಾಗ ಲಾರಿ ಎಲ್ಲೆಲ್ಲಿ ಅದಾವ ಅಂತ ಹುಡುಕ್ತೀಯಲ್ಲ, ಒಬ್ಬ ಮುದುಕನ್ನ ಹುಡುಕಾಕ ಆಗೂದಿಲ್ಲೇನವಾ?" ಎಂದು ಒಂದು ದಿನ ಕೇಳಿದರು. "ಒಂಟಿ ಮ್ಯಾಲ ಹೋಗ್ಯಾನ, ಭಾಳ ದೂರ ಹೋಗಿರಾಂಗಿಲ್ಲ."

ಹುಡುಕಿದೆ. ಜೊತೆಗಾರ ಹೇಳಿದ ಊರಿನ ಹಳೆಯ ರೈಲ್ವೆ ಸರ್ವೆ ನಕ್ಷೆ ಅಂತರ್ಜಾಲದಲ್ಲಿ ಸಿಕ್ಕಿತು. ಹಳಿಯ ಈಚೆ ನಿಲ್ದಾಣ, ಸೇತುವೆ, ನೀರಿನ ತೊಟ್ಟಿ, ತಂತಿ ಕಚೇರಿ. ಹಳಿಯ ಆಚೆ ಒಂಟೆಯವರ ಕೇರಿ — ತಗಡಿನ ಮಸೀದಿ, ಖರ್ಜೂರದ ಮರಗಳು, ಒಂದು ಬಾವಿ, ಬಾವಿಗೆ ತಗುಲಿದಂತೆ ಚುಕ್ಕಿಗಳ ಒಂದು ಚೌಕ: ಗೋರಿಗಳು. ಆಂಟಿ ಪರದೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಹಳೆಯ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಹೊದಿಸಬೇಕೆಂದರೆ ಎರಡರಲ್ಲೂ ಇರುವ ಗುರುತುಗಳು ಬೇಕು. ನಿಲ್ದಾಣ, ಸೇತುವೆ, ತೊಟ್ಟಿ, ತಂತಿ ಕಚೇರಿ ನಾಲ್ಕೂ ಅಚ್ಚುಕಟ್ಟಾಗಿ ಕೂತವು. ಐದನೆಯದು, ಆ ಬಾವಿ — ಕೂರಲಿಲ್ಲ. ಯಾಕೆಂದು ತಿಳಿಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಸರ್ವೆಯವನು ಹಳಿಯ ಈಚೆಗೆ ಸರಪಳಿ ಹಿಡಿದು ಅಳೆದಿದ್ದ. ಆಚೆಗೆ, ಒಂಟೆಯವರ ಕೇರಿಗೆ, ಕಣ್ಣಳತೆಯೇ ಸಾಕು ಅಂದುಕೊಂಡಿದ್ದ. ನಿಜವಾದ ಬಾವಿ ಈಗಲೂ ಇದೆ, ಕಬ್ಬಿಣದ ಮುಚ್ಚಳ ಹಾಕಿಕೊಂಡು. ಆ ಊರಿನ ಪುರಸಭೆಯ ತಾಣದಲ್ಲಿ ಅದರ ಚಿತ್ರವನ್ನು ನಾನು ನೋಡಿದ್ದೆ. ಅದು ಇರುವುದು ಲಾರಿ ನಿಲ್ಲಿಸುವ ಅಂಗಳದಲ್ಲಿ, ಶೌಚಾಲಯದ ಗೋಡೆಯ ಪಕ್ಕ.

ಬಾವಿಯನ್ನು ಒಪ್ಪಿದರೆ ಗೋರಿಗಳು ಆ ಶೌಚಾಲಯದ ಕೆಳಗೆ. ಬಾವಿಯನ್ನು ತೆಗೆದರೆ — ರಸ್ತೆಯ ಬದಿಯ ಬಯಲಿನಲ್ಲಿ, ಶುಭ್ರ ಕೆಂಪು ಮಣ್ಣಿನ ಮೇಲೆ.

ಗುರುತುಗಳ ಪಟ್ಟಿಯಲ್ಲಿ ಬಾವಿಯ ಮುಂದಿದ್ದ ಟಿಕ್ ತೆಗೆದೆ.

ಆಂಟಿಯ ಮನಸ್ಸು ನೋಯಬಾರದೆಂದು ಮಾಡಿದೆ — ಹೀಗೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ನಿಜ ಅದಕ್ಕಿಂತ ಸಣ್ಣದು. ಮರುದಿನ ನಮ್ಮ ಕನ್ನಡ ಕೂಟದ ಸಭೆಯಲ್ಲಿ ಈ ನಕ್ಷೆ ತೋರಿಸುತ್ತೇನೆಂದು ಒಪ್ಪಿಕೊಂಡಿದ್ದೆ. ಒಂದು ಗುರುತು ಕೂರದ ನಕ್ಷೆಯನ್ನು ಅಷ್ಟು ಜನರ ಮುಂದೆ ಇಡಲು ನನಗೆ ನಾಚಿಕೆ. ತೋರಿಸಿದೆ. ಚಪ್ಪಾಳೆ ತಟ್ಟಿದರು. ಆಂಟಿ ಎದ್ದು ಬಂದು ನನ್ನ ಹಣೆಗೆ ಮುತ್ತು ಕೊಟ್ಟರು.

ಆಗಸ್ಟಿನಲ್ಲಿ ತಾಯಿ-ಮಗ ಸಮುದ್ರ ದಾಟಿ ಆಸ್ಟ್ರೇಲಿಯಾದ ಆ ಊರಿಗೆ ಹೋದರು. ಇಮ್ರಾನ್ ಉಕ್ಕಿನ ಫಲಕ ಕತ್ತರಿಸಿ, ಹೆಸರನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಕೊರೆದಿದ್ದ. ನಾನು ವಿಡಿಯೋ ಕರೆಯಲ್ಲಿದ್ದೆ. ಆಂಟಿ ಫೋನನ್ನು ಸುತ್ತ ತಿರುಗಿಸಿದರು — ಬರೀ ಕೆಂಪು ನೆಲ, ದೂರದಲ್ಲಿ ಸಾಲಾಗಿ ನಿಂತ ಲಾರಿಗಳು.

"ಬಾವಿ ಎಲ್ಲದ ಬೇಟಾ?"

"ಮುಚ್ಚಿಹೋಗಿದೆ ಆಂಟಿ. ಮರಳು ತುಂಬಿರ್ಬೇಕು."

ಟಿಕ್ ತೆಗೆದಾಗ ಎದುರಿಗೆ ಯಂತ್ರ ಇತ್ತು. ಈ ಮಾತಿಗೆ ಎದುರು ಆಂಟಿಯ ಮುಖವಿತ್ತು. ಅವರು ನಂಬಿದರು. ಫಲಕ ನೆಟ್ಟು, ಕೂತು, ಫಾತಿಹಾ ಓದಿ, ನೆಲದ ಮೇಲೆ ಕೈಯಿಟ್ಟು ಅತ್ತರು. ಆಮೇಲೆ ಫೋನನ್ನು ಮುಖದ ಹತ್ತಿರ ತಂದು, "ಓಡಿ ಹೋಗಿದ್ದಿಲ್ಲ ನೋಡವಾ. ಇಲ್ಲೇ ಅದಾನ" ಎಂದರು.

ಅಂದಿನಿಂದ ಆ ದಾರಿಯಲ್ಲಿ ಪ್ರವಾಸ ಹೋದ ನಮ್ಮ ಕನ್ನಡದವರು ಫಲಕದ ಮುಂದೆ ನಿಂತು ಫೋಟೋ ಕಳಿಸತೊಡಗಿದರು. ಆರು ಕುಟುಂಬ. ಅದನ್ನೂ ಎಣಿಸಿಟ್ಟಿದ್ದೇನೆ.

ಇದಕ್ಕಿಂತ ದೊಡ್ಡ ತಪ್ಪು ಮರುವರ್ಷದ್ದು. ಲಾರಿ ಅಂಗಳವನ್ನು ವಿಸ್ತರಿಸುತ್ತೇವೆ, ಅಲ್ಲಿ ಹಳೆಯ ಗೋರಿಗಳಿದ್ದ ಬಗ್ಗೆ ಗೊತ್ತಿದ್ದವರು ತಿಳಿಸಿ ಎಂದು ಪುರಸಭೆ ಪ್ರಕಟಣೆ ಹಾಕಿತು. ಓದಿದೆ. ನನ್ನ ಹತ್ತಿರ ಉತ್ತರವಿತ್ತು, ಅಳತೆಯ ಸಮೇತ. ಕೊಟ್ಟರೆ ಕೆಂಪು ಮಣ್ಣಿನ ಫಲಕ ಸುಳ್ಳಾಗುತ್ತದೆ — ಅಲ್ಲ, ನಾನು ಸುಳ್ಳಾಗುತ್ತೇನೆ. ಕೊನೆಯ ದಿನ ಕಳೆಯುವವರೆಗೆ ಸುಮ್ಮನಿದ್ದೆ.

ಕಳೆದ ಭಾನುವಾರ ಪುಕೆಕೊಹೆಗೆ ಹೋಗಿ ಎಲ್ಲ ಹೇಳಿದೆ. ಯಾಕೆ ಈಗ ಎಂದರೆ — ಮುಂದಿನ ತಿಂಗಳು ಆಂಟಿಯ ತಮ್ಮ ವಿಜಯಪುರದಿಂದ ಬರುತ್ತಾರೆ, ಆ ಫಲಕದ ಮುಂದೆ ಫಾತಿಹಾ ಓದಲು. ಇನ್ನೊಬ್ಬರು ಅಲ್ಲಿ ಮಂಡಿಯೂರುವುದನ್ನು ನೋಡುವುದು ನನ್ನಿಂದ...

ಇಮ್ರಾನ್ ಎದ್ದು ಹೊರಗೆ ಹೋದ. ಆಂಟಿ ಹೆಚ್ಚುತ್ತಿದ್ದ ಈರುಳ್ಳಿಯನ್ನು ಕೆಳಗಿಟ್ಟರು.

"ಬಾವಿ ಎಲ್ಲದ ಅಂತ ಕೇಳಿದ್ನಿ. ಕೇಳಿದ್ನೋ ಇಲ್ಲೋ?"

"ಕೇಳಿದ್ರಿ ಆಂಟಿ."

"ಊರ ಮಂದಿ ಅವನ್ನ ಓಡಿ ಹೋದಾವ ಅಂದ್ರು. ಅವರಿಗೆ ಗೊತ್ತಿದ್ದಿಲ್ಲ, ಅಂದ್ರು. ನಿನಗ ಗೊತ್ತಿತ್ತು." ಚಾಕುವನ್ನೂ ಪಕ್ಕಕ್ಕೆ ಸರಿಸಿದರು. "ನಾ ಯಾರ ಮುಂದ ಅತ್ತೆ? ಹೇಳು. ಅಲ್ಲಿ ಯಾರ ಮುಂದ ಕುಂತು ಅತ್ತೆ ನಾ?"

ಕ್ಷಮಿಸಿ ಅಂದೆ.

"ಅದನ್ನ ಆಮ್ಯಾಲ ಕೇಳು. ಮೊದಲ ಬಾವಿ ಹಾಕು."

ಅವತ್ತು ಆ ಮನೆಯಲ್ಲಿ ನನಗೆ ಚಹಾ ಸಿಗಲಿಲ್ಲ. ಯಾರೂ ಯೂಟ್‌ನ ಕೀಲಿ ತೆಗೆಯಲಿಲ್ಲ. ಸ್ಟೇಷನ್ನಿನವರೆಗೆ ನಡೆದೆ.

ಬಾವಿ ಹಾಕಿದ್ದೇನೆ. ಐದು ಗುರುತುಗಳ ನಕ್ಷೆಯನ್ನು, ನಾನು ಮಾಡಿದ್ದನ್ನೂ ಬರೆದು, ಸೋಮವಾರ ಪುರಸಭೆಗೆ ಕಳಿಸಿದೆ. ಅಂಗಳದ ಅರ್ಧಕ್ಕೆ ಕಾಂಕ್ರೀಟ್ ಬಿದ್ದಾಗಿದೆ, ಬಾವಿಯ ಕಡೆಯ ಅರ್ಧದ ಕೆಲಸವನ್ನು ಸದ್ಯಕ್ಕೆ ನಿಲ್ಲಿಸುತ್ತೇವೆ, ಇನ್ನೂ ಆಧಾರ ಬೇಕು ಎಂದು ಉತ್ತರ ಬಂತು. ಗೋರಿಗಳು ಯಾವ ಅರ್ಧದಲ್ಲಿವೆ ಎಂದು ಈ ಸಲ ನಾನು ಊಹಿಸುವುದಿಲ್ಲ.

ಫಲಕದ ಮುಂದೆ ನಿಂತು ಬಂದ ಆರು ಕುಟುಂಬಗಳೇ, ನೀವು ನಿಂತದ್ದು ಖಾಲಿ ನೆಲದ ಮೇಲೆ. ಅದು ನನ್ನ ಸುಳ್ಳು.

ಇದನ್ನು ಓದುವ ಯಾರ ಮನೆಯಲ್ಲಾದರೂ ಒಂಟೆಗಳ ಜೊತೆ ಆ ಮರಳುಗಾಡಿಗೆ ಹೋದ ಹಿರಿಯರಿದ್ದರೆ — ಒಂದು ಫೋಟೋ, ಕೈಯಲ್ಲಿ ಬರೆದ ಒಂದು ಗೆರೆ, ಬಾವಿಯಿಂದ ಗೋರಿಗಳು ಯಾವ ದಿಕ್ಕಿಗಿದ್ದವು ಎಂದು ಅಜ್ಜಿ ಹೇಳುತ್ತಿದ್ದ ಒಂದು ಮಾತು — ದಯವಿಟ್ಟು ಈ ಪತ್ರಿಕೆಯ ಮೂಲಕ ಬರೆಯಿರಿ. ಲಕೋಟೆಯ ಮೇಲೆ ಜುಬೇದಾ ಆಂಟಿಯ ಹೆಸರಿರಲಿ. ನನ್ನ ಕೈಯಿಂದ ದಾಟಿ ಬರುವುದು ಬೇಡ ಎಂದು ಅವರು ಹೇಳಿದ್ದಾರೆ.