ಎಡಗಡೆಯ ಸೀಟು

ನಮ್ಮ ಕಾರಿಗೆ ಸ್ಟೀರಿಂಗ್ ಎಡಗಡೆ. ಜಪಾನಿನಲ್ಲೂ ನಮ್ಮೂರಿನ ಹಾಗೇ ರಸ್ತೆಯ ಎಡಬದಿಗೆ ಓಡಿಸುವುದು, ಹಾಗಾಗಿ ಬೇರೆಯವರ ಸ್ಟೀರಿಂಗೆಲ್ಲ ಬಲಕ್ಕಿರುತ್ತದೆ. ಅಮೆರಿಕದಿಂದ ಬಂದ, ದೊಡ್ಡ ಇಂಜಿನ್ನಿನ ಈ ಮಸಲ್ ಕಾರಿಗೆ ಮಾತ್ರ ಉಲ್ಟಾ. ಪಾರ್ಕಿಂಗ್ ಗೇಟಿನ ಟಿಕೆಟ್ ಮಷೀನು ಬಲಗಡೆ ನಿಂತಿರುತ್ತದಲ್ಲ, ಯಜಮಾನರು ಓಡಿಸುವಾಗ ಪಕ್ಕದಲ್ಲಿ ಕೂತ ನಾನೇ ಕೈ ಚಾಚಿ ಟಿಕೆಟ್ ಎಳೆದುಕೊಳ್ಳಬೇಕಿತ್ತು. ಓವರ್‌ಟೇಕ್ ಮಾಡುವಾಗ ಎದುರಿನ ಗಾಡಿ ಮೊದಲು ಕಾಣುತ್ತಿದ್ದದ್ದೂ ನನಗೇ.

"ಏನಾದ್ರೂ ಬರ್ತಿದೆಯೇನೇ?"

"ಇರ್ರೀ, ಲಾರಿ ಇದೆ. ಹ್ಞಾ, ಈಗ ಹೋಗಿ."

ಆ ಕಾರನ್ನು ಇಬ್ಬರೂ ಸೇರಿಯೇ ಓಡಿಸಿದೆವು ಅಂತ ನನ್ನ ಲೆಕ್ಕ.

ಹೋದ ವರ್ಷ ಕಂಪನಿ ಅವರನ್ನು ಬೆಂಗಳೂರಿಗೆ ವಾಪಸ್ ಕರೆಸಿಕೊಂಡಿತು. ಮಗಳು ಅದಕ್ಕೂ ಮುಂಚೆಯೇ ಓದಲು ಇಲ್ಲೇ ಉತ್ತರದ ಸೆಂಡಾಯ್‌ಗೆ ಹೋಗಿದ್ದಳು. ನಾನು ಎಡೋಗಾವಾದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕೆಲಸದ ಕರಾರು ಮುಗಿಯುವವರೆಗೆ ನಾನು ಇಲ್ಲೇ ಇರುವುದು ಅಂತಾಯಿತು. ಶಾಲೆಗೆ ಹತ್ತಿರದ ಫುನಾಬೊರಿಯ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಒಬ್ಬರಿಗೆ ಸಾರು ಮಾಡುವುದಿದೆಯಲ್ಲ, ಅದರಷ್ಟು ಕಷ್ಟದ ಅಡುಗೆ ಇನ್ನೊಂದಿಲ್ಲ. ಎಷ್ಟು ಬೇಳೆ ಕಡಿಮೆ ಹಾಕಿದರೂ ಮಾರನೇ ದಿನಕ್ಕೂ ಉಳಿಯುತ್ತದೆ, ಮಾರನೇ ದಿನ ಅದನ್ನು ತಿನ್ನುವವಳೂ ನಾನೇ.

ಲೈಸೆನ್ಸ್ ನನಗೂ ಇತ್ತು, ಆದರೆ ನಾನು ಆ ಕಾರು ಮುಟ್ಟುತ್ತಿರಲಿಲ್ಲ. ಓಡಿಸುವವರಿಲ್ಲದೆ ಕಾರಿನ ಬ್ಯಾಟರಿ ಕೂತುಹೋಯಿತು. ನಾವು ಕಾರು ನಿಲ್ಲಿಸುತ್ತಿದ್ದ ಬಾಡಿಗೆ ಜಾಗದ ಪಕ್ಕದಲ್ಲೇ ಒಂದು ಟೋಫು ಅಂಗಡಿ. ಅದರ ಮಾಲೀಕರಿಗೆ ಅರವತ್ತು ದಾಟಿರಬೇಕು. ಬೀದಿಯವರೆಲ್ಲ ಅವರನ್ನು ಟೋಫುಯಾ-ಸಾನ್ ಅನ್ನುತ್ತಾರೆ, ಅವರು ನನ್ನನ್ನು ಓಕುಸಾನ್ ಅನ್ನುತ್ತಾರೆ, ನಮ್ಮ ಕಡೆ 'ಅಮ್ಮಾವ್ರೇ' ಅಂದ ಹಾಗೆ. ನಾನು ಬಾನೆಟ್ ಎತ್ತಿ ಸುಮ್ಮನೆ ಒಳಗೆ ನೋಡುತ್ತಾ ನಿಂತಿದ್ದಾಗ ಅವರೇ ವೈರು ತಂದು, ತಮ್ಮ ಚಿಕ್ಕ ಕಾರಿನಿಂದ ಕರೆಂಟು ಕೊಟ್ಟರು. ಇಂಜಿನ್ನು ಗುಡುಗಿತು. ಅವರ ಮುಖ ಅರಳಿತು.

"ಓಕುಸಾನ್, ಇಂಥಾ ಎತ್ತನ್ನ ಕಟ್ಟಿ ಹಾಕಿ ಬರೀ ಮೇವು ಹಾಕ್ತಿದ್ದೀರಲ್ಲ. ಭಾನುವಾರ ನನ್ನ ಜೊತೆ ಜಿಮ್ಖಾನಾಗೆ ಬನ್ನಿ."

ಇಲ್ಲಿ ಜಿಮ್ಖಾನಾ ಎಂದರೆ ಕಾರಿನ ಆಟ. ದೊಡ್ಡ ಡಾಂಬರು ಬಯಲಿನಲ್ಲಿ ಕೇಸರಿ ಬಣ್ಣದ ಕೋನುಗಳನ್ನು ಇಟ್ಟಿರುತ್ತಾರೆ. ಒಂದೊಂದೇ ಕಾರು ಹೋಗಿ, ಹೇಳಿದ ದಾರಿಯಲ್ಲಿ ಅವನ್ನು ಸುತ್ತಿ ಬರಬೇಕು. ಕೋನು ತಾಗಿದರೆ ಐದು ಸೆಕೆಂಡು ದಂಡ. ದಾರಿ ತಪ್ಪಿದರೆ ಟೈಮೇ ಇಲ್ಲ, ಫಲಿತಾಂಶದ ಹಾಳೆಯಲ್ಲಿ 'ಮಿಸ್ ಕೋರ್ಸ್' ಅಂತ ಬರೆದುಬಿಡುತ್ತಾರೆ. ಯಜಮಾನರಿಗೆ ಫೋನಿನಲ್ಲಿ ಹೇಳಿದೆ.

"ಜಿಮ್ಖಾನಾನಾ? ಅಲ್ಲೇನು ಇಸ್ಪೀಟಾಡ್ತಾರಾ?"

"ಇಲ್ಲಾರೀ, ಕೋನುಗಳ ಸುತ್ತ ಕಾರು ತಿರುಗಿಸೋದು."

"ನೀನಾ?"

ಆ 'ನೀನಾ' ಕೇಳಿದ ಮೇಲೆ ಹೋಗಲೇಬೇಕು ಅನಿಸಿತು.

ಹೋದೆ, ಮತ್ತೆ ಮತ್ತೆ ಹೋದೆ. ಶನಿವಾರ ಸಂಜೆಗಳಿಗೆ ಒಂದು ಕೆಲಸವಾಯಿತು. ಡಿಕ್ಕಿಯಿಂದ ಸ್ಟೆಪ್ನಿ ಇಳಿಸುವುದು, ಮ್ಯಾಟ್ ತೆಗೆಯುವುದು, ಡ್ಯಾಶ್‌ಬೋರ್ಡಿನ ಗಣಪತಿಯನ್ನು ಅಂಟಿನಿಂದ ಮೆಲ್ಲಗೆ ಬಿಡಿಸಿ ಮನೆಯೊಳಗೆ ಇಡುವುದು. ಸಡಿಲವಾದ ಯಾವುದೂ ಕಾರಿನಲ್ಲಿರಬಾರದೆಂದು ತಪಾಸಣೆಯವರ ನಿಯಮ. ಟೈರಿನ ಅಂಚಿಗೆ ಶಾಲೆಯ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಒಂದು ಸುತ್ತು ಓಡಿಸಿದ ಮೇಲೆ ಗೆರೆ ಎಲ್ಲಿಯವರೆಗೆ ಅಳಿಸಿದೆ ನೋಡಿದರೆ, ತಿರುವಿನಲ್ಲಿ ಟೈರು ಎಷ್ಟು ಮಗುಚುತ್ತಿದೆ ಗೊತ್ತಾಗುತ್ತದೆ. ಜಾಸ್ತಿ ಅಳಿಸಿದ್ದರೆ ಇನ್ನಷ್ಟು ಗಾಳಿ ಬೇಕು. ಮೂತಿ ಭಾರದ ಕಾರು ಇದು, ಮುಂದಿನ ಚಕ್ರಗಳ ಗಾಳಿಯನ್ನು ಹದಕ್ಕೆ ತರಲು ಇಡೀ ಚಳಿಗಾಲ ಹಿಡಿಯಿತು. ಬೇರೆಯವರು ಕೈಬ್ರೇಕು ಎಳೆದು ಹಿಂಭಾಗವನ್ನು ಸರ್ರೆಂದು ಹೊರಳಿಸುತ್ತಾರೆ. ನಮ್ಮದರ ಪಾರ್ಕಿಂಗ್ ಬ್ರೇಕು ಕಾಲಿನಲ್ಲಿ ತುಳಿಯುವಂಥದ್ದು, ಆ ಆಟ ನಡೆಯುವುದಿಲ್ಲ. ಮೊದಲೇ ವೇಗ ಇಳಿಸಿ, ಅಗಲವಾಗಿ ಹೋಗಿ, ಕೊನೆಯಲ್ಲಿ ಆಕ್ಸಿಲರೇಟರಿನಿಂದ ತಿರುಗಿಸಬೇಕು.

ಇಷ್ಟೆಲ್ಲ ಕಲಿತರೂ ನನ್ನ ಹೆಸರಿನ ಮುಂದೆ ಒಂದು ಸಲವೂ ಟೈಮು ಬೀಳಲಿಲ್ಲ. ಪ್ರತಿ ಸಲ ಎಲ್ಲೋ ಒಂದು ಕಡೆ ದಾರಿ ತಪ್ಪುತ್ತಿತ್ತು. ಇಷ್ಟು ವರ್ಷ ಬಲಗಡೆ ಕೂತವಳು, ನನ್ನ ಅಂದಾಜೆಲ್ಲ ಆ ಸೀಟಿನದ್ದು. ಎಡಗಡೆ ಕೂತರೆ ಬಯಲೇ ಬೇರೆ ಥರ ಕಾಣುತ್ತಿತ್ತು. ಮಗಳಿಗೆ ಹೇಳಿದರೆ, "ಅಮ್ಮಾ, ಯು ಆರ್ ಯಾಬಾಯ್," ಅಂದಳು. ಇಲ್ಲಿನ ಹುಡುಗರ ಬಾಯಲ್ಲಿ ಆ ಮಾತಿಗೆ ಭರ್ಜರಿ ಅಂತಲೂ ಅರ್ಥ, ಅಪಾಯ ಅಂತಲೂ ಅರ್ಥ. ಹೊಗಳಿದಳೋ ಬೈದಳೋ ಕೇಳಲಿಲ್ಲ.

ಆಮೇಲೆ ಕಾರು ನಿಲ್ಲಿಸುವ ಜಾಗದ ಒಡತಿ ಅಜ್ಜಿ, ಅಲ್ಲಿ ಮೊಮ್ಮಗನಿಗೆ ಮನೆ ಕಟ್ಟಿಸುತ್ತೇನೆಂದು ತಲೆಬಾಗಿ ಕ್ಷಮೆ ಕೇಳಿದರು. ಸುತ್ತಮುತ್ತ ಇರುವುದೆಲ್ಲ ಮೇಲೆ ಕೆಳಗೆ ಹೋಗುವ ಮಷೀನ್ ಪಾರ್ಕಿಂಗು, ಅದರಲ್ಲಿ ನಮ್ಮ ಕಾರಿನ ಅಗಲ ಹಿಡಿಸುವುದಿಲ್ಲ. ನಿಲ್ಲಿಸಲು ಜಾಗ ತೋರಿಸದೆ ಇಲ್ಲಿ ಕಾರು ಇಟ್ಟುಕೊಳ್ಳುವ ಹಾಗಿಲ್ಲ. ಯಜಮಾನರು ಬೆಂಗಳೂರಿನಿಂದಲೇ ಇಂಟರ್ನೆಟ್ಟಿನಲ್ಲಿ ಗಿರಾಕಿ ಹುಡುಕಿದರು. ತಿಂಗಳ ಕೊನೆಗೆ ಬಂದು ತೆಗೆದುಕೊಂಡು ಹೋಗುವುದೆಂದಾಯಿತು. ಅದಕ್ಕೆ ಮುಂಚೆ ಒಂದೇ ಒಂದು ಜಿಮ್ಖಾನಾ ಇತ್ತು. ಗೆಲ್ಲಬೇಕೆಂಬ ಆಸೆ ನನಗಿರಲಿಲ್ಲ. ಒಂದೇ ಒಂದು ಟೈಮು ಬೇಕಿತ್ತು, ಈ ಕಾರಿನಲ್ಲಿ ನಾನು ಹೊರಟ ಕಡೆಯಿಂದ ಮುಗಿಸುವ ಕಡೆಯವರೆಗೆ ಒಬ್ಬಳೇ ಹೋದೆ ಅನ್ನುವುದಕ್ಕೆ.

ಆ ಭಾನುವಾರ ಬೆಳಗ್ಗೆ ಚಿಬಾ ಕಡೆಯ ಬಯಲಿಗೆ ಹೋದೆವು, ಮುಂದೆ ಟೋಫುಯಾ-ಸಾನ್, ಹಿಂದೆ ನಾನು. ಗಾಳಿ ತಣ್ಣಗಿತ್ತು. ಎಲ್ಲರೂ ನೀಲಿ ಟಾರ್ಪಾಲು ಹಾಸಿ ಅದರ ಮೇಲೆ ತಮ್ಮ ತಮ್ಮ ಸಾಮಾನು ಜೋಡಿಸಿದರು. ನನ್ನ ಟಾರ್ಪಾಲಿನ ಮೇಲೆ ಗಾಳಿ ಪಂಪು, ಜಾಕು, ಫ್ಲಾಸ್ಕು, ಪುಳಿಯೋಗರೆ ಡಬ್ಬಿ. ಅಕ್ಕಪಕ್ಕದವರೆಲ್ಲ ಬೆಳಗಿನ ನಮಸ್ಕಾರಕ್ಕೆ ಒಹಾಯೋ ಅಂದರು, ನಾನೂ ಅಂದೆ. ಅಲ್ಲಿಗೆ ಮಾತು ಮುಗಿಯಿತು. ಮತ್ತೆ ಅವರವರ ಟೈರು ಅವರವರಿಗೆ.

ಅವತ್ತಿನ ದಾರಿಯ ನಕ್ಷೆಯನ್ನು ಅವತ್ತು ಬೆಳಗ್ಗೆಯೇ ಕೊಡುವುದು. ಅದನ್ನು ಹಿಡಿದುಕೊಂಡು ಎಲ್ಲರೂ ಬಯಲಿನಲ್ಲಿ ಕಾಲ್ನಡಿಗೆಯಲ್ಲಿ ಸುತ್ತುತ್ತಾರೆ. ದೊಡ್ಡ ದೊಡ್ಡ ಗಂಡಸರು ಗಾಳಿಯಲ್ಲಿ ಇಲ್ಲದ ಸ್ಟೀರಿಂಗ್ ತಿರುಗಿಸುತ್ತಾ, ತಮ್ಮಷ್ಟಕ್ಕೆ ಗೊಣಗುತ್ತಾ ನಡೆಯುತ್ತಾರೆ. ಅವತ್ತು ನಕ್ಷೆ ನೋಡಿದ ಕೂಡಲೇ ನನಗೆ ನಗು ಬಂತು. ಚುಕ್ಕಿಗಳು, ಅವನ್ನು ಬಳಸಿಕೊಂಡು ಹೋಗುವ ಒಂದೇ ಎಳೆ. ಇದು ರಂಗೋಲಿಯಲ್ಲವೇ! ಬಾಗಿಲ ಮುಂದೆ ಎಷ್ಟು ಹಾಕಿಲ್ಲ ನಾನು. ಅಂಗೈಯಲ್ಲಿ ಬೆರಳಿನಿಂದ ಒಂದು ಸಲ ಬಿಡಿಸಿದೆ, ಎರಡು ಸಲ ಬಿಡಿಸಿದೆ, ಬಾಯಿಪಾಠವಾಯಿತು.

"ಓಕುಸಾನ್, ಇವತ್ತು ನಗ್ತಿದ್ದೀರಲ್ಲ. ಹೆದರಿಕೆ ಆಗ್ತಿದೆ ನನಗೆ," ಅಂದರು ಟೋಫುಯಾ-ಸಾನ್.

"ಇವತ್ತು ದಾರಿ ಗೊತ್ತು ನನಗೆ."

"ನನಗೂ ಗೊತ್ತಿತ್ತು, ಹೋದ ಸಲ. ಗೊತ್ತಿದ್ದೂ ಎರಡು ಕೋನು ಮಲಗಿಸಿದೆ."

ಪ್ರತಿಯೊಬ್ಬರಿಗೆ ಎರಡು ಓಟ. ಮೊದಲ ಓಟದಲ್ಲಿ ಕೈ ತಾನಾಗಿ ನಡೆಯಿತು. ಎಡಕ್ಕೆ ಸುತ್ತು, ಎರಡರ ನಡುವೆ ನುಸುಳು, ಬಲಕ್ಕೆ ಸುತ್ತು, ಆಚೆ ತುದಿಯಲ್ಲಿ ಹೊರಳಿ ವಾಪಸ್. ಇಷ್ಟು ಚೆಂದ ಎಂದೂ ಓಡಿಸಿರಲಿಲ್ಲ. ವಾಪಸ್ ಬರುವಾಗ ಎದುರಿಗೆ ಒಂದು ಒಂಟಿ ಕೋನು ಸಿಕ್ಕಿತು, ಅದನ್ನೂ ಸುತ್ತಿದೆ. ಸುತ್ತಿ ಮುಗಿಸುವಷ್ಟರಲ್ಲಿ ಬಾವುಟ ಬೀಸಿದರು. ಮೈಕಿನಲ್ಲಿ ಆ ಪರಿಚಿತ ದನಿ, ತುಂಬಾ ವಿನಯವಾಗಿ, ಮಿಸ್ ಕೋರ್ಸ್ ಎಂದಿತು.

ಕಾರು ನಿಲ್ಲಿಸಿ ನಕ್ಷೆ ತೆಗೆದು ನೋಡಿದೆ. ಆ ಒಂಟಿ ಕೋನನ್ನು ಸುತ್ತುವಂತಿರಲಿಲ್ಲ, ಪಕ್ಕದಿಂದ ಸುಮ್ಮನೆ ಹಾದು ಬರಬೇಕಿತ್ತು. ರಂಗೋಲಿಯಲ್ಲಿ ಈ ಕಡೆ ಒಂದು ಸುತ್ತು ಹಾಕಿದರೆ ಆ ಕಡೆಯೂ ಒಂದು ಹಾಕುತ್ತೇವೆ, ಯಾವ ಚುಕ್ಕಿಯನ್ನೂ ಬಿಡುವುದಿಲ್ಲ. ಬಿಟ್ಟರೆ ಅದು ರಂಗೋಲಿಯೇ ಅಲ್ಲ. ಈ ದಾರಿಗೆ ಆ ಮರ್ಯಾದೆ ಇಲ್ಲ. ಅರ್ಧಕ್ಕೆ ಬಂದ ಮೇಲೆ ಅದು ಸುಮ್ಮನೆ ಬೇರೆಯಾಗುತ್ತದೆ. ನನ್ನ ಕೈ ಅದನ್ನು ಸರಿಮಾಡಲು ಹೋಗಿತ್ತು.

ಮಧ್ಯಾಹ್ನ ಪುಳಿಯೋಗರೆ ಡಬ್ಬಿ ತೆರೆದಿಟ್ಟು ಮತ್ತೆ ನಕ್ಷೆಯನ್ನೇ ನೋಡುತ್ತಾ ಕೂತೆ. ಟೋಫುಯಾ-ಸಾನ್ ಬಂದು ಟಾರ್ಪಾಲಿನ ತುದಿಯಲ್ಲಿ ಕೂತು, ಕೇಳದೆಯೇ ಒಂದು ತುತ್ತು ತೆಗೆದುಕೊಂಡರು.

"ಹುಳಿ ಇದೆ," ಅಂದರು.

"ಹುಳಿ ಇರಬೇಕು."

"ಇನ್ನೊಂದು ಓಟ ಇದೆ, ಓಕುಸಾನ್."

"ಅದೇ ಕೊನೇದು."

ಅವರು ಇನ್ನೊಂದು ತುತ್ತು ತಿಂದು ಎದ್ದು ಹೋದರು.

ಎರಡನೇ ಓಟಕ್ಕೆ ಸಾಲಿನಲ್ಲಿ ನಿಂತಾಗ ಹೆಲ್ಮೆಟ್ಟಿನೊಳಗೆ ನನ್ನ ಉಸಿರೇ ನನಗೆ ಜೋರಾಗಿ ಕೇಳುತ್ತಿತ್ತು. ಕೈಯನ್ನು ನಂಬುವ ಹಾಗಿರಲಿಲ್ಲ. ಹಸಿರು ದೀಪ ಬಂತು. ಹೊರಟೆ. ಮೊದಲ ಸುತ್ತಿನಲ್ಲೇ ಗಮನಕ್ಕೆ ಬಂತು, ನಾನು ಗಟ್ಟಿಯಾಗಿ ಮಾತಾಡುತ್ತಿದ್ದೇನೆ. "ಎಡಕ್ಕೆ ತಗೊಳ್ಳಿ. ನಿಧಾನ, ನಿಧಾನ. ಈಗ ನಡುವೆ ಹೋಗಿ. ಬಲಕ್ಕೆ, ಪೂರಾ ತಿರುಗಿಸಿ." ನನಗೆ ನಾನೇ ಬಹುವಚನದಲ್ಲಿ ಹೇಳಿಕೊಳ್ಳುತ್ತಿದ್ದೆ. ಬಲಗಡೆ ಸೀಟಿನಲ್ಲಿ ಯಾರೂ ಇರಲಿಲ್ಲ, ಇಷ್ಟು ವರ್ಷ ಯಜಮಾನರಿಗೆ ದಾರಿ ಹೇಳುತ್ತಿದ್ದವಳು ಅಲ್ಲೇ ಇದ್ದಂತಿತ್ತು. ಆಚೆ ತುದಿಯಲ್ಲಿ ಹೊರಳುವಾಗ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿಯಾಗಿ ಹಿಂಭಾಗ ಜಾರಿತು, ಬಲಗಡೆ ಏನೋ ಟಪ್ ಎಂದಿತು. ಒಂದು ಕೋನು ಹೋಯಿತು. "ಹೋಗ್ಲಿ ಬಿಡಿ, ಮುಂದೆ ನೋಡಿ." ಒಂಟಿ ಕೋನು ಬಂತು. ಕೈ ಎಳೆಯಿತು, ನಿಜವಾಗಿ ಎಳೆಯಿತು. "ಬೇಡ, ಸುತ್ತಬೇಡಿ, ಬಿಡಿ ಅದನ್ನ, ಈಗ ಹೋಗಿ, ಹೋಗಿ!" ಹೋದೆ.

ಮೈಕಿನವನು ಜಪಾನೀಸಿನಲ್ಲಿ ಗಡಗಡನೆ ಏನೋ ಓದಿದ. ಅಂಕಿಗಳು ಕೇಳಿದವು, ನನ್ನವೇ ಎಂದು ನಂಬಿಕೆ ಬರಲಿಲ್ಲ. ಫಲಿತಾಂಶದ ಹಾಳೆ ಅಂಟಿಸಿದ ಮೇಲೆ ಹೋಗಿ ಬೆರಳಿಟ್ಟು ಓದಿದೆ. ನನ್ನ ವಿಭಾಗದಲ್ಲಿ ಕೊನೆಯಿಂದ ಎರಡನೆಯವಳು. ಕೊನೆಯವನ ಗೇರ್ ಬಾಕ್ಸು ದಾರಿಯಲ್ಲೇ ಕೈಕೊಟ್ಟಿತ್ತು. ಟೋಫುಯಾ-ಸಾನ್ ಚಪ್ಪಾಳೆ ತಟ್ಟಿ, ನನಗಿಂತ ಆಳವಾಗಿ ಬಾಗಿದರು. ಅಷ್ಟರಲ್ಲಿ ಅವರ ವಿಭಾಗದ ಬಹುಮಾನಕ್ಕೆ ಕರೆದರು, ಅವರು ಆ ಗುಂಪಿನೊಳಗೆ ಸೇರಿಕೊಂಡರು.

ನಾನು ಕಾರಿನ ಹತ್ತಿರ ಬಂದು ಬೆಂಗಳೂರಿಗೆ ಫೋನ್ ಮಾಡಿದೆ. ಹಿಂದೆ ಟಿವಿ ಸದ್ದು, ಯಾರೋ ಬಂದಿದ್ದ ಹಾಗಿತ್ತು.

"ರೀ, ಟೈಮು ಬಂತು."

"ಯಾವ ಟೈಮು? ಓ, ಅದಾ! ಭೇಷ್ ಕಣೇ. ಎಷ್ಟನೇ ಪ್ಲೇಸು?"

"ಕೊನೆಯಿಂದ ಎರಡು."

"ಹೋಗ್ಲಿ ಬಿಡು, ಪಾರ್ಟಿಸಿಪೇಷನ್ ಮುಖ್ಯ. ಕಾರಿಗೆ ಏನೂ ಆಗಿಲ್ಲ ತಾನೆ? ಸ್ಕ್ರ್ಯಾಚ್ ಗಿಚ್? ತಗೊಳ್ಳೋನು ನೋಡ್ತಾನೆ."

"ಕೋನಿನ ಬಣ್ಣ ಹತ್ತಿದೆ ಸ್ವಲ್ಪ. ಒರೆಸ್ತೀನಿ."

"ಹ್ಞೂ, ಒರೆಸ್ಬಿಡು. ಸರಿ, ಆಮೇಲೆ ಮಾತಾಡ್ಲಾ? ಇಲ್ಲಿ ಜನ ಇದ್ದಾರೆ."

ಬೇಜಾರೇನಿಲ್ಲ, ಅವರು ಹಾಗೇ. ಮಗಳು ಮೆಸೇಜಿಗೆ ಕುಣಿಯುವ ಕರಡಿಯ ಸ್ಟಿಕರ್ ಕಳಿಸಿದಳು.

ಬಟ್ಟೆ ಒದ್ದೆ ಮಾಡಿಕೊಂಡು, ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಹತ್ತಿದ್ದ ಕೇಸರಿ ಗೆರೆಯನ್ನು ಒರೆಸಲು ಕೂತೆ. ಅರ್ಧ ಹೋಯಿತು. ಇನ್ನರ್ಧವನ್ನು ಹಾಗೇ ಬಿಟ್ಟೆ, ಬುಧವಾರ ಕಾರು ಒಯ್ಯಲು ಬರುವವನು ಬೇಕಾದರೆ ಒರೆಸಿಕೊಳ್ಳಲಿ ಎಂದು. ಎಷ್ಟು ಹೊತ್ತು ತಗೊಂಡೆ ಅಂತ ಮನೆಯವರು ಯಾರೂ ಕೇಳಲಿಲ್ಲ. ದಂಡ ಸೇರಿ, ಒಂದು ನಿಮಿಷ ಮೂವತ್ತೊಂಬತ್ತು ಸೆಕೆಂಡು.